ಸೋಮಪ್ರಭಾ ಟಾಕೀಸಿಗೆ ಸಮುದ್ರ ಬಂದದ್ದು

ನಮ್ಮೂರಿನಲ್ಲಿ ಮಳೆ ಬರುತ್ತದೋ ಇಲ್ಲವೋ ಎಂದು ಯಾರೂ ಮುಗಿಲು ನೋಡುವುದಿಲ್ಲ, ಪೋಸ್ಟರ್ ನೋಡುತ್ತಾರೆ. ಊರಿಗೆ ಇರುವುದು ಒಂದೇ ಟಾಕೀಸು, ಸೋಮಪ್ರಭಾ. ಶುಕ್ರವಾರ ಅಲ್ಲಿ ಯಾವ ಚಿತ್ರ ಬಿಡುಗಡೆಯಾಗುತ್ತದೋ ಅದರ ಹವೆಯೇ ಆ ವಾರ ಊರಿನ ಹವೆ. ನಾಯಕ ನೆನೆಯುತ್ತ ಹಾಡಿದರೆ ಪೇಟೆಯ ಗಟಾರಗಳು ತುಂಬಿ ಹರಿಯುತ್ತವೆ. ಖಳನಾಯಕನ ಕುದುರೆಗಳು ಧೂಳೆಬ್ಬಿಸಿದರೆ ನಾವು ಕಿಟಕಿ ಬಾಗಿಲು ಹಾಕಿಕೊಂಡು ಕೂರುತ್ತೇವೆ. ಚಿತ್ರ ಟಾಕೀಸಿನಿಂದ ಎದ್ದ ಮೇಲೆ ಅದರ ಮಳೆಯೂ ಧೂಳೂ ಅದರ ಬೆನ್ನಿಗೇ ಹೋಗುತ್ತವೆ, ಒಂದು ಹನಿಯ ಗುರುತೂ ಉಳಿಯುವುದಿಲ್ಲ. ಹೀಗಾಗಿ ಹೊಸ ಚಿತ್ರದ ಟೀಸರ್ ಬಂತೆಂದರೆ ಬೇರೆ ಊರಿನವರು ನಾಯಕನ ಗಡ್ಡ ನೋಡುತ್ತಾರೆ, ನಮ್ಮವರು ಅವನ ಬೆನ್ನ ಹಿಂದಿನ ಮೋಡ ನೋಡುತ್ತಾರೆ. ಮದುವೆ ಗೊತ್ತು ಮಾಡುವವರು ಪಂಚಾಂಗ ಬಿಚ್ಚುವ ಮೊದಲು ಮ್ಯಾನೇಜರ್ ಗುರುಶಾಂತಪ್ಪನ ಹತ್ತಿರ ಹೋಗಿ, ಆ ವಾರ ಯಾವ ಪಿಕ್ಚರ್ ಎಂದು ಕೇಳಿಕೊಂಡು ಬರುತ್ತಾರೆ. ಇದರಲ್ಲಿ ಆಶ್ಚರ್ಯಪಡುವಂಥದ್ದು ಏನೂ ಇಲ್ಲವೆಂದು ನಾನೂ ಬಹಳ ದಿನ ಅಂದುಕೊಂಡಿದ್ದೆ.

ಟಾಕೀಸಿನ ಎದುರಿಗೆ ನನ್ನದೊಂದು ಫ್ಲೆಕ್ಸ್ ಅಂಗಡಿ. ನಾನು ಯಾವ ಅಭಿಮಾನಿ ಸಂಘದವನೂ ಅಲ್ಲ, ಆದರೆ ಎಲ್ಲ ಸಂಘದವರ ಬ್ಯಾನರುಗಳೂ ನನ್ನಲ್ಲೇ ಆಗುವುದರಿಂದ ಎಲ್ಲರ ಜಗಳವೂ ನನಗೆ ಗೊತ್ತು. ಸಂಘಗಳಲ್ಲಿ ದೊಡ್ಡವು ಎರಡು. ಒಂದು ಇಂದ್ರಸೇನನ ಸಂಘ, ಅದರ ಅಧ್ಯಕ್ಷೆ ನೀಲಗಂಗವ್ವ, ಊರಿಗೆಲ್ಲ ನೀಲವ್ವ. ಇನ್ನೊಂದು ರುದ್ರಪ್ರತಾಪನ ಸಂಘ, ಅದಕ್ಕೆ ಇಟ್ಟಿಗೆ ಭಟ್ಟಿಯ ರಾಜೇಸಾಬ.

ರಾಜೇಸಾಬನ ಅಭಿಮಾನಕ್ಕೆ ಒಂದು ಲೆಕ್ಕವಿತ್ತು. ರುದ್ರಪ್ರತಾಪನ ಚಿತ್ರಗಳೆಲ್ಲ ಕಾದ ಬಯಲಿನಲ್ಲಿ, ಕಲ್ಲುಗುಡ್ಡಗಳಲ್ಲಿ ನಡೆಯುವಂಥವು. ಅವನು ಬಂದರೆ ಊರಿಗೆ ಬಿಸಿಲು, ಬಿಸಿಲು ಬಂದರೆ ಇಟ್ಟಿಗೆ ಒಣಗುತ್ತದೆ. ನೀಲವ್ವನ ಅಭಿಮಾನಕ್ಕೆ ಮಾತ್ರ ಯಾವ ಲೆಕ್ಕವೂ ಹೊಂದುತ್ತಿರಲಿಲ್ಲ. ಅವಳು ಹಪ್ಪಳ ಸಂಡಿಗೆ ಮಾಡಿ ಬದುಕುವವಳು. ಅನ್ನ ಹಾಕುವುದು ಬಿಸಿಲು, ಮನಸ್ಸು ಹೋದದ್ದು ಮಳೆಯ ನಾಯಕನ ಕಡೆಗೆ. ಇಂದ್ರಸೇನನ ಚಿತ್ರವೆಂದರೆ ಮೊದಲ ಹಾಡಿಗೇ ಮುಗಿಲು ಹರಿಯಬೇಕು. ಅವನ ಚಿತ್ರ ಬಂದ ವಾರ ಅವಳ ಮಾಳಿಗೆಯ ಮೇಲೆ ಒಂದು ಸಂಡಿಗೆಯೂ ಒಣಗುತ್ತಿರಲಿಲ್ಲ. ಆ ವಾರವೇ ಅವಳು ಹೊಸ ಸೀರೆ ಉಟ್ಟು, ತಲೆತುಂಬ ಹೂ ಮುಡಿದು, ಮೊದಲ ದಿನದ ಮೊದಲ ಆಟಕ್ಕೆ ಎಲ್ಲರಿಗಿಂತ ಮುಂದೆ ನಿಂತಿರುತ್ತಿದ್ದಳು. ಯಾಕವ್ವ ಹೀಗೆ ಎಂದು ನಾನೊಮ್ಮೆ ಕೇಳಿದ್ದೆ. ಗಂಡ ಬಿಟ್ಟುಹೋದ ವರ್ಷ, ಎಲ್ಲಿ ಕೂತರೂ ಜನ ಮಾತಾಡಿಸುತ್ತಾರೆಂದು ಟಾಕೀಸಿನ ಕತ್ತಲಿಗೆ ಹೋಗಿ ಕೂತಿದ್ದಳಂತೆ. ಪರದೆಯ ಮೇಲೆ ಇಂದ್ರಸೇನ ತಾಯಿಗೆ ಉಣ್ಣಲು ಬಡಿಸಿ, ಅವಳ ಊಟ ಮುಗಿಯುವವರೆಗೂ ಏನೂ ಮಾತಾಡದೆ ಎದುರಿಗೆ ಕೂತಿದ್ದನಂತೆ. "ನಾ ಉಣ್ಣೂ ತನಕ ನನ್ನ ಮುಂದ ಯಾರೂ ಕುಂತಿರಲಿಲ್ಲೋ ತಮ್ಮಾ" ಎಂದಷ್ಟೇ ಹೇಳಿದ್ದಳು.

ಇಂದ್ರಸೇನ ಮೂರ್ನಾಲ್ಕು ವರ್ಷ ಯಾವ ಚಿತ್ರವನ್ನೂ ಮಾಡದೆ ಸುಮ್ಮನಿದ್ದ. ಆಮೇಲೆ ಅವನ 'ಉಪ್ಪಿನ ದೊರೆ' ಎಂಬ ಚಿತ್ರದ ಟೀಸರ್ ಬಂತು. ನನ್ನ ಅಂಗಡಿಯ ಮುಂದೆ ಒಂದೇ ಮೊಬೈಲಿಗೆ ಇಪ್ಪತ್ತು ತಲೆಗಳು ಬಾಗಿದ್ದವು. ಮೊದಲು ಕತ್ತಲು, ಕತ್ತಲಲ್ಲಿ ಒಂದು ಮೊರೆತ, ಆಮೇಲೆ ಇಂದ್ರಸೇನನ ಬೆನ್ನು. ಅವನು ಪಕ್ಕಕ್ಕೆ ಸರಿದ. ಅವನ ಹಿಂದೆ ಇದ್ದದ್ದು ಸಮುದ್ರ.

ಯಾರೂ ಶಿಳ್ಳೆ ಹೊಡೆಯಲಿಲ್ಲ.  ನಮ್ಮದು ಒಣನೆಲ. ಸಮುದ್ರ ಕಂಡು ಬಂದವರು ಬೆರಳೆಣಿಕೆಯಷ್ಟು, ಅವರೂ ಅದರ ಬಗ್ಗೆ ಹೇಳಲು ಹೋಗಿ ಕೈ ಅಗಲಿಸಿ ಸುಮ್ಮನಾಗುತ್ತಿದ್ದರು. ಮಳೆ ಕಂಡಿದ್ದೆವು, ಬಿರುಗಾಳಿ ಕಂಡಿದ್ದೆವು, ಒಮ್ಮೆ ಯಾವುದೋ ಹಿಮದ ಹಾಡಿನಿಂದ ಸಂತೆಯ ಬದನೆಕಾಯಿಯ ಮೇಲೆಲ್ಲ ಬಿಳಿಯ ಪುಡಿ ಕೂತದ್ದನ್ನೂ ಕಂಡಿದ್ದೆವು. ಆದರೆ ಸಮುದ್ರ ಹವೆಯೋ ಊರೋ ಯಾರಿಗೂ ತಿಳಿಯಲಿಲ್ಲ. ಬಂದರೆ ಎಲ್ಲಿಗೆ ಬರುತ್ತದೆ, ಎಷ್ಟು ಬರುತ್ತದೆ?

ಎರಡೇ ದಿನದಲ್ಲಿ ಊರು ಎರಡಾಯಿತು. ಟಾಕೀಸಿನ ಅಂಗಳದಲ್ಲಿ ಸಭೆ ಸೇರಿತು. ಕೆಳಗಿನ ಓಣಿಯವರು ಮಕ್ಕಳನ್ನು ಕಂಕುಳಲ್ಲಿ ಇಟ್ಟುಕೊಂಡೇ ಬಂದಿದ್ದರು. ಮಂಜು ಮುಸುಕಿದ ಆ ಹಳೆಯ ಪಿಕ್ಚರಿನ ಕಾಲದಲ್ಲಿ ಮೇಯಲು ಹೋದ ಆಡುಗಳು ಮಂಜು ಎದ್ದು ಹೋದ ಮೇಲೆ ಮರಳಿ ಬಾರದೇ ಹೋದದ್ದನ್ನು ಒಬ್ಬ ಮುದುಕ ನೆನಪಿಸಿದ. ಚಿತ್ರದೊಳಗೆ ಹೊಕ್ಕಿದ್ದು ಚಿತ್ರದ ಜೊತೆಗೇ ಹೋಗುತ್ತದೆ ಎಂದ. ರಾಜೇಸಾಬ ಎದ್ದು, ಒಬ್ಬ ನಟನ ಸಲುವಾಗಿ ಊರು ಮುಳುಗಿಸುವವರನ್ನು ತಾನು ಎಲ್ಲೂ ಕಂಡಿಲ್ಲವೆಂದೂ, ಇಂದ್ರಸೇನನ ಪಿಕ್ಚರ್ ಓಡುವಾಗ ಸೋಮಪ್ರಭಾದ ಹೊಸ್ತಿಲು ತಾನು ತುಳಿದರೆ ತನ್ನ ಹೆಸರು ಬೇರೆ ಕರೆಯಿರೆಂದೂ ಹೇಳಿ ಕೂತ. ಗುರುಶಾಂತಪ್ಪ ನೀಲವ್ವನ ಕಡೆ ನೋಡಿದ. ಸಂಘದವರು ಬೇಡವೆಂದರೆ ಚಿತ್ರ ತರಿಸುವುದಿಲ್ಲ ಎಂದು ಅವನು ಮೊದಲೇ ಹೇಳಿದ್ದ.

ನೀಲವ್ವ ಎದ್ದು ನಿಂತು ಸೆರಗು ಸರಿಮಾಡಿಕೊಂಡಳು. ಟೀಸರನ್ನು ತಾನು ಮತ್ತೆ ಮತ್ತೆ ನೋಡಿದ್ದೇನೆ, ನೀರು ಅವನ ಮೊಣಕಾಲು ದಾಟಿಲ್ಲ, ದಂಡೆಯ ಗುಡಿಸಲಿನ ಒಲೆ ಉರಿಯುತ್ತಲೇ ಇದೆ ಎಂದು ಹೇಳಿದಳು. ಆಮೇಲೆ ಹೇಳಿದ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ. "ನಮ್ಮೂರ ಮಂದಿ ಎಲ್ಲಾ ಕಂಡಾರ, ಅದೊಂದ ಕಂಡಿಲ್ಲ. ಬರಲಿ. ಏನರ ಆದ್ರ ಟಾಕೀಸಿನ್ಯಾಗ ನಾ ಇರ್ತೇನಿ. ಬಿಟ್ಟ ಹೋಗೂದಿಲ್ಲ."

ಶುಕ್ರವಾರ ಬೆಳಿಗ್ಗೆ ಅರ್ಧ ಊರು ಟಾಕೀಸಿನೊಳಗೆ, ಇನ್ನರ್ಧ ಹತ್ತಿ ಮಾರ್ಕೆಟ್ಟಿನ ಹಿಂದಿನ ದಿಬ್ಬದ ಮೇಲೆ. ನಾನು ದಿಬ್ಬದ ಮೇಲಿದ್ದೆ. ಮೊದಲು ಬಂದದ್ದು ವಾಸನೆ. ಹಸಿ ಉಪ್ಪಿನದು, ಹಳೆಯ ಹಗ್ಗದ್ದು, ಹೆಸರಿಡಲಾಗದ ಇನ್ನೇನೋ ಒಂದರದು. ಆಮೇಲೆ ಹಕ್ಕಿಗಳು ಬಂದವು, ನಾವು ಎಂದೂ ಕಾಣದ ಬಿಳಿಯ ಹಕ್ಕಿಗಳು. ಆಮೇಲೆ ಕರಿಮಣ್ಣಿನ ಎರಿ ಹೊಲಗಳು ಮುಗಿಯುವ ಕಡೆ ಒಂದು ಬೆಳ್ಳಗಿನ ಗೆರೆ ಎದ್ದಿತು. ಅದು ಹತ್ತಿರವಾಗುತ್ತಿದೆಯೋ ಅಥವಾ ನಾವೇ ಅದರ ಕಡೆಗೆ ಜಾರುತ್ತಿದ್ದೇವೋ ಹೇಳಲಾಗುತ್ತಿರಲಿಲ್ಲ. ಹೊಲ, ಬದು, ಜಾಲಿಗಿಡ, ಹೈವೇ ಎಲ್ಲ ಒಂದೊಂದಾಗಿ ನೀಲಿಯೊಳಗೆ ಹೋದವು. ರಾಜೇಸಾಬನ ಭಟ್ಟಿಯ ಕೆಳಗೆ ಬಂದು, ಅಲ್ಲಿ ಯಾರೋ ಸುಣ್ಣದ ಗೆರೆ ಹಾಕಿಟ್ಟಂತೆ, ಸಮುದ್ರ ನಿಂತಿತು.

ನಮ್ಮಲ್ಲಿ ಹಲವರು ಚಪ್ಪಲಿ ಬಿಟ್ಟರು. ಯಾಕೆ ಬಿಟ್ಟರೆಂದು ಕೇಳಿದರೆ ಅವರಿಗೂ ಗೊತ್ತಿರಲಿಕ್ಕಿಲ್ಲ. ಒಬ್ಬ ಮುದುಕಿ ಇಳಿದು ಹೋಗಿ, ಬೆರಳು ಅದ್ದಿ ನಾಲಿಗೆಗೆ ಹಚ್ಚಿ, ಉಪ್ಪು ಜಾಸ್ತಿಯಾಯಿತು ಎಂದಳು. ಆಗಲೇ ಹೈವೇ ಇದ್ದ ಜಾಗದಲ್ಲಿ ನೀರು ಸೀಳಿಕೊಂಡು ಒಂದು ಬಸ್ಸು ಮೇಲೆ ಬಂತು. ತಲೆಯ ಮೇಲಿನ ಮೂಟೆಗಳಿಂದ ನೀರು ಸುರಿಯುತ್ತಿತ್ತು, ಒಳಗಿನ ಜನರ ಒಂದು ಕೂದಲೂ ನೆನೆದಿರಲಿಲ್ಲ. ಕಂಡಕ್ಟರು ಎಂದಿನಂತೆ ನಮ್ಮೂರಿನ ಹೆಸರು ಕೂಗಿ, ಇಳಿಯುವವರು ಬೇಗ ಇಳಿಯಿರೆಂದ. ಬೇರೆ ಊರಿನವರಿಗೆ ನಮ್ಮ ಹವೆ ಎಂದೂ ತಾಗಿದ್ದಿಲ್ಲ. ನಾವೆಲ್ಲ ಬಾಯಿ ತೆರೆದುಕೊಂಡು ನಿಂತದ್ದು ಕಂಡು ಅವನು ಏನಾಯಿತೆಂದು ಕೇಳಿದ. 

ಇತ್ತ ಟಾಕೀಸಿನೊಳಗೆ ಬೇರೆಯೇ ಕತೆ ನಡೆದಿತ್ತು. ಮೊದಲ ಆಟ ಬಿಟ್ಟಾಗ ಸಂಘದ ಹುಡುಗರು ತಲೆ ತಗ್ಗಿಸಿಕೊಂಡು ಹೊರಬಿದ್ದರು. ಚಿತ್ರ ಕೆಟ್ಟದಾಗಿತ್ತು. ಸುಮ್ಮನೆ ಕೆಟ್ಟದ್ದಲ್ಲ, ಮಾತಿಗೆ ಮಾತು ಕೂಡದಷ್ಟು ಕೆಟ್ಟದ್ದು. ಮೀನುಗಾರರ ದೊರೆಯೊಬ್ಬ ಕಳೆದುಹೋದ ತಮ್ಮನನ್ನು ಹುಡುಕುತ್ತಾನೆ, ತಮ್ಮ ಎದುರಿಗೇ ಇದ್ದರೂ ಮೀಸೆಯ ದೆಸೆಯಿಂದ ಗುರುತು ಹಿಡಿಯುವುದಿಲ್ಲ, ಕೊನೆಗೆ ಬಿರುಗಾಳಿಯಲ್ಲಿ ಅವನನ್ನೇ ಉಳಿಸಲು ಹೋಗಿ ಮುಳುಗುತ್ತಾನೆ. ಸಂಜೆಗೆಲ್ಲ ಬೇರೆ ಊರುಗಳ ಸುದ್ದಿ ಮೊಬೈಲಿನಲ್ಲಿ ಬಂತು. ಎಲ್ಲ ಕಡೆಯೂ ಕುರ್ಚಿಗಳು ಖಾಲಿ, ಎಲ್ಲರ ಬಾಯಲ್ಲೂ ನಗೆ. ಇಂದ್ರಸೇನ ಮನೆಯಲ್ಲೇ ಇದ್ದಿದ್ದರೆ ಒಳ್ಳೆಯದಿತ್ತು ಎಂದು ಅವನ ಕಟ್ಟಾ ಅಭಿಮಾನಿಗಳೇ ಬರೆಯುತ್ತಿದ್ದರು. ನೀಲವ್ವ ಮಾತ್ರ ಯಾರು ಕೇಳಿದರೂ ಒಂದೇ ಮಾತು ಹೇಳುತ್ತಿದ್ದಳು, ಪಿಕ್ಚರ್ ಚಲೋ ಐತಿ, ತಿಳಕೊಂಡು ನೋಡಬೇಕು.

ಶನಿವಾರ ಮ್ಯಾಟ್ನಿಯ ಹೊತ್ತಿಗೆ ಇಡೀ ಊರು ದಂಡೆಯ ಮೇಲಿತ್ತು. ಆಟೋದವರು ಟಾಕೀಸಿನ ಮುಂದೆ ನಿಂತೇ ಸಮುದ್ರ, ಸಮುದ್ರ ಎಂದು ಕೂಗಿ ಜನ ತುಂಬುತ್ತಿದ್ದರು. ಒಳಗೆ ಪ್ರೇಕ್ಷಕರು ಯಾರೂ ಇಲ್ಲದ್ದನ್ನು ಕಂಡು ಗುರುಶಾಂತಪ್ಪ ಆಟ ನಿಲ್ಲಿಸಲು ಎದ್ದ. ಅದೇ ಹೊತ್ತಿಗೆ ದಂಡೆಯಲ್ಲಿದ್ದ ನಾವು, ಸಮುದ್ರದ ಆಚೆಯ ಅಂಚು ತೆಳ್ಳಗಾಗಿ ಅದರೊಳಗಿಂದ ಜಾಲಿಗಿಡಗಳು ಮೂಡುತ್ತಿರುವುದನ್ನು ಕಂಡು ಕೂಗಿಕೊಂಡೆವು. ಮೊಣಕಾಲಿನವರೆಗೆ ನೀರಿನಲ್ಲಿ ನಿಂತಿದ್ದ ಮಕ್ಕಳನ್ನು ತಾಯಂದಿರು ಎಳೆದುಕೊಂಡರು. ಬೆಳಗಿನ ಆಟ ನೋಡಿ ಉಣ್ಣಲು ಹೋಗಿದ್ದ ನೀಲವ್ವನ ಮನೆಗೆ ಯಾರೋ ಓಡಿದರು. ಅವಳು ಬಂದು ಕುರ್ಚಿಯಲ್ಲಿ ಕೂತು ಪರದೆ ನೋಡಿದ ಮೇಲೆಯೇ ನೀಲಿ ಮತ್ತೆ ದಟ್ಟವಾಯಿತು. ಹೀಗೆ ನಮಗೆ ತಿಳಿಯಿತು, ಒಬ್ಬರಾದರೂ ಪರದೆಗೆ ಕಣ್ಣಿಟ್ಟು ನೋಡುತ್ತಿದ್ದರಷ್ಟೇ ಸಮುದ್ರ ಉಳಿಯುತ್ತದೆ. ಎಂದೂ ಹಾಗೇ ಇತ್ತೇನೋ. ನಮ್ಮ ಟಾಕೀಸು ಅದುವರೆಗೆ ಖಾಲಿಯಾದದ್ದೇ ಇರಲಿಲ್ಲ.

ಸಂಘದವರು ಪಾಳಿ ಹಾಕಿಕೊಂಡರು. ಆದರೆ ಪಾಳಿಗೆ ಬಂದ ಹುಡುಗರು ಅರ್ಧ ತಾಸಿಗೆಲ್ಲ ಆಕಳಿಸಿ, ಈಗ ಬಂದೆ ಎಂದು ಹೇಳಿ ಸಮುದ್ರಕ್ಕೆ ಹೋಗಿಬಿಡುತ್ತಿದ್ದರು. ಕೊನೆಗೆ ನಾಲ್ಕೂ ಆಟಕ್ಕೆ ಉಳಿದವಳು ನೀಲವ್ವ ಒಬ್ಬಳೇ. ರಾತ್ರಿ ಟಾಕೀಸು ಮುಚ್ಚಿದಾಗ ಸಮುದ್ರವೂ ಇರುತ್ತಿರಲಿಲ್ಲ, ಬೆಳಗಿನ ಆಟಕ್ಕೆ ಅವಳು ಹೋಗಿ ಕೂತಾಗ ಬರುತ್ತಿತ್ತು. ಹೀಗಾಗಿ ಸಮುದ್ರ ತರಿಸಿದವಳೇ ಸಮುದ್ರ ನೋಡಲಿಲ್ಲ. ಅವಳಿಗೆ ಊಟ ತಂದುಕೊಡುವವರು ಅವಳ ಪಕ್ಕದಲ್ಲಿ ಕೂತು, ಇಂದು ನೀರು ಹೇಗಿತ್ತು, ಏಡಿ ಹೇಗೆ ಅಡ್ಡ ಓಡಿತು, ಸೂರ್ಯ ಮುಳುಗುವಾಗ ಬಣ್ಣ ಹೇಗಿತ್ತು ಎಂದು ಹೇಳಿ ಹೋಗುತ್ತಿದ್ದರು. ಅವಳು ಪರದೆಯಿಂದ ಕಣ್ಣು ತೆಗೆಯದೆ ಹೂಂ ಅನ್ನುತ್ತಿದ್ದಳು. ಒಮ್ಮೆ ನಾನೇ, ನಾನು ಕೂರುತ್ತೇನೆ, ನೀನು ಹೋಗಿ ಬಾ ಎಂದೆ. ನಾಳೆ ಹೋಗುತ್ತೇನೆ ತಮ್ಮಾ ಎಂದಳು. ನನ್ನ ಕಣ್ಣುಗಳು ಆಗಲೇ ಮುಚ್ಚುತ್ತಿದ್ದುದನ್ನು ಅವಳು ಕಂಡಿರಬೇಕು.

ವಾರ ಕಳೆಯುತ್ತ ಊರು ಸಮುದ್ರದ ನಡೆಗೆ ಹೊಂದಿಕೊಂಡಿತು. ಹಾಡು ಬಂದಾಗ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತಿತ್ತು. ಇಂಟರ್ವಲ್ ಆದಾಗ ಇಡೀ ಸಮುದ್ರ ನಿಂತುಬಿಡುತ್ತಿತ್ತು. ಎದ್ದ ಅಲೆ ಎದ್ದಂತೆಯೇ, ಹಾರಿದ ನೊರೆ ಹಾರಿದಂತೆಯೇ, ಮೊರೆತವಿಲ್ಲ, ಗಾಳಿಯಿಲ್ಲ. ಆ ಹೊತ್ತಿನಲ್ಲಿ ಹೆಂಗಸರೂ ದನಿ ತಗ್ಗಿಸಿ ಮಾತಾಡುತ್ತಿದ್ದರು. ಟಾಕೀಸಿನ ಗಂಟೆ ಹೊಡೆದು ಆಟ ಮುಂದುವರಿದರೆ ಅಲೆಗಳೂ ಮುಂದುವರಿಯುತ್ತಿದ್ದವು. ಇಂಟರ್ವಲ್ ಮುಗಿದ ಕೂಡಲೇ ಬಿರುಗಾಳಿ ಶುರುವಾಗುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಅದರೊಳಗೆ ದಂಡೆಗೆ ಬಂದುಬಿಡುವುದು ವಾಡಿಕೆಯಾಯಿತು.

ಗುರುವಾರದ ಮ್ಯಾಟ್ನಿಯೇ ಕೊನೆಯ ಆಟ. ಸಂಜೆಗೆ ಮರುದಿನದ ಚಿತ್ರದ ಸಿದ್ಧತೆ ಇತ್ತು, ಬರುವವನು ರುದ್ರಪ್ರತಾಪ. ಇನ್ನು ಈ ಜನ್ಮದಲ್ಲಿ ಸಮುದ್ರ ಕಾಣುತ್ತೇವೋ ಇಲ್ಲವೋ ಎಂಬ ಆಸೆಗೆ ಬಿದ್ದು, ಆಲೆಮನೆಯ ಭೀಮಶಿ ಬೆಲ್ಲ ಕಾಯಿಸುವ ತನ್ನ ದೊಡ್ಡ ಕೊಪ್ಪರಿಗೆಗಳನ್ನು ನೀರಿಗಿಳಿಸಿದ. ಅವು ತೇಲಿದವು. ಒಂದರಲ್ಲಿ ಭೀಮಶಿ, ಬಾಣಂತನಕ್ಕೆ ಬಂದಿದ್ದ ಅವನ ಮಗಳು, ಅವಳ ಕೂಸು ಮತ್ತು ನಾನು. ಇನ್ನೊಂದರಲ್ಲಿ ಸಂಘದ ಹುಡುಗರು. ಸಮುದ್ರಕ್ಕೆ ಆಚೆಯ ದಂಡೆ ಇದೆಯೋ ಇಲ್ಲವೋ ನೋಡಿ ಬರುವುದು ನಮ್ಮ ಉದ್ದೇಶ. ದೂರ ಹೋದಂತೆ ನೀರಿನ ಕೆಳಗಿನಿಂದ ಪಿಟೀಲಿನ ದನಿ ಕೇಳುತ್ತಿತ್ತು. ಕೊಪ್ಪರಿಗೆಯ ತಳಕ್ಕೆ ಕಿವಿ ಹಚ್ಚಿ ಕೂಸಿನ ತಾಯಿ ಕಣ್ಣು ಮುಚ್ಚಿಕೊಂಡಿದ್ದಳು. ಎಷ್ಟು ದೂರ ಬಂದೆವೆಂದು ತಿರುಗಿ ನೋಡಿದಾಗ ದಂಡೆಯ ಜನ ಎಳ್ಳು ಚೆಲ್ಲಿದಂತೆ ಕಂಡರು. ಅಷ್ಟರಲ್ಲಿ ಸಮುದ್ರ ನಿಂತಿತು. ಇಂಟರ್ವಲ್.

ಭೀಮಶಿ ನನ್ನ ಮುಖ ನೋಡಿದ. ಇಂಟರ್ವಲ್ ಎಂದರೆ ಒಂದು ಚಹಾ ಕುಡಿಯುವಷ್ಟು ಹೊತ್ತು. ಅದು ಮುಗಿದರೆ ಬಿರುಗಾಳಿ, ಬೆಲ್ಲದ ಕೊಪ್ಪರಿಗೆಯೊಳಗೆ ನಾವು.

ಇದನ್ನು ದಂಡೆಯಿಂದ ಮೊದಲು ಕಂಡವನು ರಾಜೇಸಾಬ. ಉಪ್ಪುಗಾಳಿಗೆ ಇಟ್ಟಿಗೆ ಒಣಗದೆ ಭಟ್ಟಿ ವಾರವಿಡೀ ಆರಿತ್ತು. ಅವನು ದಿನವೂ ಬಂದು ಸಮುದ್ರಕ್ಕೆ ಬೆನ್ನು ಹಾಕಿ ಕೂರುತ್ತಿದ್ದ. ಆ ದಿನ ಯಾಕೋ ತಿರುಗಿ ನೋಡಿದನಂತೆ. ಬೈಕು ಹತ್ತಿ ಟಾಕೀಸಿಗೆ ಬಂದವನು, ಹೊಸ್ತಿಲಿನ ಹೊರಗೇ ನಿಂತು ಗುರುಶಾಂತಪ್ಪನನ್ನು ಕೂಗಿ, ಆಟ ಶುರು ಮಾಡಬೇಡ, ಮಂದಿ ಸಮುದ್ರದೊಳಗೆ ಉಳಿದಿದ್ದಾರೆ ಎಂದ. ಗುರುಶಾಂತಪ್ಪ ಗಾಬರಿಯಾದ. ಆಟ ಮುಂದುವರಿಸಿದರೆ ಬಿರುಗಾಳಿ, ಪೂರ್ತಿ ನಿಲ್ಲಿಸಿದರೆ ಸಮುದ್ರದ ಜೊತೆಗೆ ನಾವೂ ಆ ಆಡುಗಳ ಹಾಗೆ. ಉಳಿದ ದಾರಿ ಒಂದೇ, ಇಂಟರ್ವಲ್ ಹಾಗೆಯೇ ಹಿಡಿದಿಡುವುದು. ಪರದೆಯ ಮೇಲೆ 'ವಿರಾಮ' ಎಂಬ ಅಕ್ಷರಗಳಿದ್ದವು. ಆದರೆ ಅದನ್ನು ಅಷ್ಟು ಹೊತ್ತು ಯಾರು ನೋಡುತ್ತಾರೆ? ಬೇರೆ ಚಿತ್ರವಾದರೆ ಆ ಹೊತ್ತಿನಲ್ಲಿ ಜನ ಅತ್ತಿತ್ತ ನೋಡಿ, ಮಾತಾಡಿ, ಹೊರಗೆ ಹೋಗಿ ಬರುತ್ತಾರೆ, ಯಾರಾದರೊಬ್ಬರ ಕಣ್ಣು ಅದರ ಮೇಲೆ ಇದ್ದೇ ಇರುತ್ತದೆ. ಇಂದು ಇಡೀ ಟಾಕೀಸಿನಲ್ಲಿ ಇರುವುದು ಎರಡೇ ಕಣ್ಣು. ಗುರುಶಾಂತಪ್ಪ ಒಳಗೆ ಹೋಗಿ ನೀಲವ್ವನಿಗೆ ವಿಷಯ ಹೇಳಿದ.  "ನೀನು ಮಷೀನ್ ನೋಡಕೋ ಹೋಗು" ಎಂದಳು.

ಅವಳು ಆಮೇಲೆ ಹೇಳಿದ್ದು ಇದು. ಸಿನಿಮಾ ನೋಡುವುದು ಸುಲಭ, ಅದು ನಮ್ಮ ಕಣ್ಣನ್ನು ಹಿಡಿದುಕೊಂಡು ನಡೆಸುತ್ತದೆ. ನಿಂತ ಅಕ್ಷರಗಳನ್ನು ನೋಡುವಾಗ ಕಣ್ಣೇ ಅವನ್ನು ಹಿಡಿದುಕೊಂಡು ನಿಲ್ಲಬೇಕು. ಸ್ವಲ್ಪ ಹೊತ್ತಿಗೆ ಅಕ್ಷರಗಳು ಇರುವೆ ಸಾಲಿನಂತೆ ಹರಿದಾಡತೊಡಗಿದವು. ಕಣ್ಣಲ್ಲಿ ನೀರು ಬಂತು. ಎರಡೂ ಕಣ್ಣು ಒಮ್ಮೆಗೇ ಮುಚ್ಚಿದರೆ ಏನಾಗುವುದೋ ಎಂದು ಹೆದರಿ, ಒಂದು ಕಣ್ಣನ್ನು ಕೈಯಿಂದ ಮುಚ್ಚಿ ದಣಿವಾರಿಸಿ, ಇನ್ನೊಂದರಿಂದ ನೋಡಿದಳು. ಆಮೇಲೆ ಇದನ್ನು ಮುಚ್ಚಿ ಅದರಿಂದ. ಆ ವಾರದ ಅಷ್ಟೂ ಆಟಗಳಲ್ಲಿ ತನಗೆ ಮನಸ್ಸಿಟ್ಟು ನೋಡಲು ಸಿಕ್ಕ ಚಿತ್ರ ಅದೊಂದೇ ಎಂದು ಅವಳು ನಗುತ್ತ ಹೇಳುತ್ತಿದ್ದಳು.

ಸಮುದ್ರದ ನಡುವೆ ನಾವು ಕಾದೆವು. ಬಿರುಗಾಳಿ ಬರಲಿಲ್ಲ. ಭೀಮಶಿ ಹುಟ್ಟಿನ ಕೋಲಿನಿಂದ ನೀರನ್ನು ಕುಟ್ಟಿದ, ಟಣ್ ಎಂದಿತು. ಅವನು ಒಂದು ಕಾಲು ಹೊರಗಿಟ್ಟ. ಆಮೇಲೆ ಇನ್ನೊಂದು. ನಿಂತ. ಮಗಳ ಕೈಯಿಂದ ಕೂಸನ್ನು ಇಸಿದುಕೊಂಡು, ನಡೀರಿ ಎಂದ. ನಾವು ಸಮುದ್ರದ ಮೇಲೆ ನಡೆದೆವು. ಅದು ಉತ್ತ ಹೊಲದ ಮೇಲೆ ನಡೆದಂತೆ ಇತ್ತು, ಹೆಂಟೆಗಳ ಜಾಗದಲ್ಲಿ ಅಲೆಗಳು. ಸೆಟೆದು ನಿಂತ ನೊರೆಯನ್ನು ಬಳಸಿಕೊಂಡು, ಮನೆಯೆತ್ತರದ ಅಲೆಯ ಪಕ್ಕಕ್ಕೆ ಅದರ ನೆರಳಲ್ಲಿ ನಡೆದೆವು. ನೊರೆಯ ಹನಿಗಳು ಗಾಳಿಯಲ್ಲಿ ತೂಗುಹಾಕಿದಂತಿದ್ದವು, ಹಣೆಗೆ ತಾಗಿದರೆ ತಣ್ಣಗೆ. ಕೆಳಗೆ ನೋಡಬಾರದೆಂದುಕೊಂಡೆ, ನೋಡಿದೆ. ಪಾದದ ಕೆಳಗೆ ಮೀನುಗಳು ನಿಂತಿದ್ದವು, ಒಂದರ ಬಾಯಿ ತೆರೆದೇ ಇತ್ತು. ಅವುಗಳ ಕೆಳಗೆ, ಬಹಳ ಕೆಳಗೆ, ನಮ್ಮ ಹತ್ತಿ ಹೊಲಗಳು. ಹೈವೇ ಕಂಡಿತು. ಅದರ ಮೇಲೆ ಮಧ್ಯಾಹ್ನದ ಬಸ್ಸು ಹೋಗುತ್ತಿತ್ತು. ಕಿಟಕಿಗೆ ತಲೆಯಾನಿಸಿ ಒಬ್ಬಳು ನಿದ್ದೆ ಹೋಗಿದ್ದಳು. ಅವಳ ಮೇಲೆ ಅಷ್ಟು ನೀರು, ನೀರಿನ ಮೇಲೆ ನಾವು. ನನಗೆ ಹೆದರಿಕೆ ಹೋಗಿತ್ತು. ಅದರ ಜಾಗದಲ್ಲಿ ಬಂದದ್ದಕ್ಕೆ ಹೆಸರು ಗೊತ್ತಿಲ್ಲ. ಕೂಸು ಕೂಡ ಅಳಲಿಲ್ಲ.

ದಂಡೆಯ ಮರಳಿಗೆ ನಮ್ಮ ಕೊನೆಯ ಹುಡುಗ ಕಾಲಿಟ್ಟದ್ದನ್ನು ಕಣ್ಣಾರೆ ಕಂಡ ಮೇಲೆ ರಾಜೇಸಾಬ ಮತ್ತೆ ಬೈಕು ಹತ್ತಿದ. ಈ ಸಲ ಹೊಸ್ತಿಲಲ್ಲಿ ಸ್ವಲ್ಪ ನಿಂತ, ಚಪ್ಪಲಿ ಬಿಟ್ಟು ಒಳಗೆ ಹೋದ. ನೀಲವ್ವ ಒಂದು ಕಣ್ಣು ಮುಚ್ಚಿ ಕೂತಿದ್ದಳು, ಕೆನ್ನೆಯೆಲ್ಲ ಒದ್ದೆ. ಅವನು ಪಕ್ಕದ ಕುರ್ಚಿಯಲ್ಲಿ ಕೂತು ಪರದೆಯ ಕಡೆ ಮುಖ ಮಾಡಿದ.

"ಎಲ್ಲಾರೂ ದಂಡಿಗೆ ಬಂದ್ರು. ಕೂಸ ಸೈತ" ಎಂದ. "ಈಗ ನಾ ನೋಡತೇನಿ. ನೀ ಕಣ್ಣ ತಗಿ."

ಅವಳು ಪರದೆಯಿಂದ ಕಣ್ಣು ತೆಗೆಯಲಿಲ್ಲ. ನಿನ್ನ ಆಣೆ ಏನಾಯಿತು ಎಂದು ಕೇಳಿದಳಂತೆ. ತನ್ನ ಹೆಸರು ಏನು ಬೇಕಾದರೂ ಕರೆಯಿರಿ ಎಂದು ಅವನು ಹೇಳಿದ. ಆಮೇಲೆ ಪರದೆಯಿಂದ ಮುಖ ತಿರುಗಿಸದೆಯೇ, "ಊರೆಲ್ಲಾ ನೋಡೇತಿ, ನೀ ನೋಡಿಲ್ಲ. ಹೋಗವಾ ತಂಗಿ. ನೀ ಮುಟ್ಟೂ ತನಕ ಹಿಂಗ ಹಿಡದಿರ್ತೇನಿ, ಆಮ್ಯಾಗ ಪೂರಾ ಪಿಕ್ಚರ್ ನೋಡತೇನಿ" ಎಂದ.

ನೀಲವ್ವ ದಿಬ್ಬ ಇಳಿದು ಬರುವಾಗ ನಾವೆಲ್ಲ ದಂಡೆಯಲ್ಲೇ ಇದ್ದೆವು. ಜನ ತಾವಾಗಿಯೇ ಎರಡು ಕಡೆ ಸರಿದು ದಾರಿ ಬಿಟ್ಟರು. ವಾರವೆಲ್ಲ ಕತ್ತಲಲ್ಲಿದ್ದ ಕಣ್ಣಿಗೆ ಬಿಸಿಲು ಕುಕ್ಕುತ್ತಿತ್ತು, ಕೈಯನ್ನು ಹಣೆಗೆ ಅಡ್ಡ ಹಿಡಿದು ಬಂದಳು. ಅವಳ ಎದುರಿಗೆ, ಎರಡಾಳೆತ್ತರಕ್ಕೆ ಎದ್ದ ಒಂದು ಅಲೆ ನಿಂತಿತ್ತು, ಅದರ ತುದಿ ಬಾಗಿ ಇನ್ನೇನು ಮುರಿಯಬೇಕು. ಅದರೊಳಗಿಂದ ಬಿಸಿಲು ಹಸಿರಾಗಿ ಈಚೆಗೆ ಬಂದು ಅವಳ ಸೀರೆಯ ಮೇಲೆ ಬಿದ್ದಿತ್ತು. ಅವಳು ಹತ್ತಿರ ಹೋಗಿ ಅಂಗೈಯನ್ನು ಅಲೆಗೆ ಹಚ್ಚಿದಳು. ಆಕಳ ಮೈ ಸವರುವಂತೆ ಸವರಿದಳು. ಹಾಗೇ ನಿಂತಳು. ನಾನು ಗುರುಶಾಂತಪ್ಪನಿಗೆ ಫೋನು ಮಾಡಿ, ಮುಟ್ಟಿದ್ದಾಳೆ ಎಂದೆ.

ಊರಿನ ಕಡೆಯಿಂದ ಟಾಕೀಸಿನ ಗಂಟೆ ಕೇಳಿಸಿತು. ಅವಳ ಅಂಗೈಯ ಕೆಳಗೆ ಅಲೆಗೆ ಜೀವ ಬಂತು. ಮೊದಲು ಒಂದು ನಡುಕ, ಆಮೇಲೆ ಇಡೀ ಸಮುದ್ರದ ದನಿ ಒಮ್ಮೆಗೇ, ಆಮೇಲೆ ಆ ಅಲೆ ಅವಳ ಮೇಲೆ ಮುರಿದು ಬಿತ್ತು. ನಾವು ಹಿಡಿಯಲು ಓಡಿದೆವು. ನೀರು ಹಿಂದೆ ಸರಿದಾಗ ಅವಳು ಮರಳಲ್ಲಿ ಕಾಲು ಚಾಚಿ ಕೂತಿದ್ದಳು, ಕೂದಲು ಬಿಚ್ಚಿಹೋಗಿ, ಹೂವೆಲ್ಲ ಎಲ್ಲೋ ತೇಲಿಹೋಗಿ. ಕೈ ಮುಗಿಯಲಿಲ್ಲ, ಅಳಲಿಲ್ಲ. ಬಾಯಿ ಸ್ವಲ್ಪ ತೆರೆದಿತ್ತು. ಎಬ್ಬಿಸಲು ಹೋದ ನನ್ನ ಕೈಯನ್ನು ಅವಳು ಮೆಲ್ಲಗೆ ಸರಿಸಿದಳು.

ಬಿರುಗಾಳಿಯನ್ನು ಅವಳು ಭಟ್ಟಿಯ ದಿಬ್ಬದ ಮೇಲೆ ನಿಂತು ನೋಡಿದಳು. ಪರದೆಯ ಮೇಲೆ ಅಷ್ಟು ಸಲ ಕಂಡದ್ದೇ ಅದು. ಆದರೆ ಪರದೆಗೆ ಅಂಚುಗಳಿರುತ್ತವೆ. ಮುಗಿಲೂ ನೀರೂ ಒಂದಾಗಿ, ಮಿಂಚು ಹೊಡೆದಾಗಲೆಲ್ಲ ಸಮುದ್ರ ಒಳಗಿನಿಂದ ಬೆಳಗುತ್ತಿತ್ತು. ಪಕ್ಕದಲ್ಲಿದ್ದ ನನಗೆ ಅವಳು ಗಾಳಿಯ ಮೇಲೆ ಗಂಟಲೆತ್ತಿ ಹೇಳಿದಳು, "ತಮ್ಮಾ, ಪಿಕ್ಚರ್ ಭಾಳ ಕೆಟ್ಟೈತೋ." ವಾರದಲ್ಲಿ ಮೊದಲ ಸಲ ಅದನ್ನು ಹೇಳಿದ್ದಳು, ಹೇಳುವಾಗ ಅವಳ ಮುಖದಲ್ಲಿ ದುಃಖವಿರಲಿಲ್ಲ. ಸಂಜೆಯ ಮುನ್ನ ಬಿರುಗಾಳಿ ಅಡಗಿತು. ಆಚೆಯ ಅಂಚಿನಿಂದ ನೀಲಿ ಆರುತ್ತ ಬಂತು, ಜಾಲಿಗಿಡಗಳು ಮೂಡಿದವು, ಬದುಗಳು ಮೂಡಿದವು. ಕೊನೆಯ ಒಂದು ತೆಳು ಅಲೆ ದಿಬ್ಬದ ಬುಡದವರೆಗೆ ಬಂದು ಹೋಯಿತು. ಅವಳ ಸೀರೆ ಆಗಲೇ ಒಣಗಿತ್ತು.

ನಾವು ಊರೊಳಗೆ ಬಂದಾಗ ಟಾಕೀಸಿನ ಮುಂದೆ ರುದ್ರಪ್ರತಾಪನ ಸಂಘದ ಹುಡುಗರು ಗುಂಪುಗಟ್ಟಿದ್ದರು. ತಮ್ಮ ಅಧ್ಯಕ್ಷ ಹೊರಬಂದು ಇಂದ್ರಸೇನನನ್ನು ಹೇಗೆ ಹರಿದು ಹಾಕುತ್ತಾನೆಂದು ಕೇಳಲು ಕಾಯುತ್ತಿದ್ದರು. ರಾಜೇಸಾಬ ಬಂದು ಮೆಟ್ಟಿಲ ಮೇಲೆ ಕೂತ. ಪಿಕ್ಚರ್ ಹೆಂಗಿತ್ತು ಎಂದು ಯಾರೋ ಕೇಳಿದರು. ಅವನು ನೀಲವ್ವ ಹತ್ತಿರ ಬರುವುದನ್ನೇ ಕಾದು ಅವಳನ್ನೇ ಕೇಳಿದ, "ಆ ಮನಶ್ಯಾಗ ನೀರಂದ್ರ ಅಂಜಿಕಿ ಐತೇನವಾ?"

ಅವಳಿಗೆ ಅರ್ಥವಾಗಲಿಲ್ಲ. ಇಂದ್ರಸೇನನಿಗೆ ಅಂಜಿಕೆ ಎಂಬುದು ಅವಳು ಎಂದೂ ಯೋಚಿಸಿದ ವಿಷಯವಲ್ಲ.

"ಕಡೀಕ ಬಿರುಗಾಳಿಗೆ ಇಳೀತಾನಲ್ಲ, ಅವಾಗ ಅವನ ಕೈ ನೋಡು" ಎಂದ ರಾಜೇಸಾಬ. "ಮಾರಿ ಮ್ಯಾಲೆ ಏನೂ ಇಲ್ಲ, ದೊರಿ ಹಂಗ ನಡೀತಾನ. ಕೈ ಮಾತ್ರ ನಡಗತಾವ. ಅದು ನಟನಾ ಅಲ್ಲ. ಖರೇನ ಅಂಜ್ಯಾನ. ಅಂಜಿದ್ರೂ ಒಳಗ ಹ್ವಾದ."

ನೀಲವ್ವ ಅವನ ಪಕ್ಕದ ಮೆಟ್ಟಿಲ ಮೇಲೆ ಕೂತಳು. ಹುಡುಗರು ಇನ್ನೂ ಏನಾದರೂ ಬರುತ್ತದೆಂದು ಕಾದು, ಒಬ್ಬೊಬ್ಬರಾಗಿ ಚದುರಿದರು. ಅವಳು ತನ್ನ ಎರಡೂ ಅಂಗೈಗಳನ್ನು ಮಡಿಲಲ್ಲಿ ಬಿಡಿಸಿಟ್ಟುಕೊಂಡು ನೋಡುತ್ತಿದ್ದಳು. ಆ ವಾರದಲ್ಲಿ ಆ ಚಿತ್ರವನ್ನು ಅವಳಷ್ಟು ಸಲ ನೋಡಿದವರು ಲೋಕದಲ್ಲಿ ಯಾರೂ ಇರಲಿಕ್ಕಿಲ್ಲ.

"ನಾ ಮಾರಿ ನೋಡಕೋತ ಕುಂತಿದ್ನಿ" ಎಂದಳು ಕೊನೆಗೆ. "ಹಂಗಾದ್ರ ಇನ್ನೊಮ್ಮಿ ನೋಡಬೇಕಾತಲ್ಲೋ ಅಣ್ಣಾ."